ಹೊಸ ಟ್ಯಾಬ್ಲೆಟ್ ಬಂದ ಕೂಡಲೇ ಹಳೆಯದು ವೇಸ್ಟ್ ಆಗುತ್ತಾ? ಕೊಳ್ಳುವ ಮೊದಲು, ಫಾರ್ವರ್ಡ್ ಮಾಡುವ ಮೊದಲು ಇದನ್ನು ಓದಿ

ಕಳೆದ ತಿಂಗಳು ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಒಂದು ಫಾರ್ವರ್ಡ್ ಬಂತು. ಹೊಸ ಮಾದರಿ ಬಿಡುಗಡೆಯಾದ ದಿನದಿಂದಲೇ ಕಂಪನಿಗಳು ಹಳೆಯ ಟ್ಯಾಬ್ಲೆಟ್‌ಗಳನ್ನು ಬೇಕಂತಲೇ ನಿಧಾನ ಮಾಡುತ್ತವೆ, ಆರು ತಿಂಗಳಲ್ಲಿ ವಾಟ್ಸಾಪ್ ಕೂಡ ನಿಂತುಹೋಗುತ್ತದೆ, ಹಾಗಾಗಿ ಹಳೆಯ ಸ್ಟಾಕ್ ಯಾರೂ ಕೊಳ್ಳಬೇಡಿ ಎಂಬುದು ಅದರ ಸಾರ. ಕೊನೆಗೆ ಎಂದಿನಂತೆ ಕೈಮುಗಿದ ನಾಲ್ಕು ಚಿಹ್ನೆಗಳು. ಎರಡು ದಿನ ಬಿಟ್ಟು ಅದೇ ಗುಂಪಿಗೆ ಇನ್ನೊಂದು ಬಂತು. ಹೊಸದಕ್ಕೂ ಹಳೆಯದಕ್ಕೂ ಡಬ್ಬದ ಬಣ್ಣ ಬಿಟ್ಟರೆ ವ್ಯತ್ಯಾಸವೇ ಇಲ್ಲ, ಬುದ್ಧಿವಂತರು ಯಾವಾಗಲೂ ಹಿಂದಿನ ಮಾದರಿಯನ್ನೇ ಕೊಳ್ಳುತ್ತಾರಂತೆ. ಎರಡನ್ನೂ ಕಳಿಸಿದ್ದು ಒಬ್ಬರೇ, ನಮ್ಮ ಚಿಕ್ಕಪ್ಪ.

ನಕ್ಕು ಬಿಡಬಹುದಿತ್ತು. ಆದರೆ ಅದೇ ವಾರ ಚಿಕ್ಕಮ್ಮ ನನಗೆ ಫೋನ್ ಮಾಡಿದರು. ಮಗಳು ಪ್ರಥಮ ಪಿಯುಸಿ ವಿಜ್ಞಾನಕ್ಕೆ ಸೇರಿದ್ದಾಳೆ, ಪಾಠದ ವಿಡಿಯೋಗಳನ್ನು ಅಪ್ಪನ ಒಡೆದ ಫೋನಿನಲ್ಲಿ ನೋಡುತ್ತಿದ್ದಾಳೆ. ಎರಡು ವರ್ಷ ಕಟ್ಟಿದ ಚೀಟಿ ಹಣ ಕೈಗೆ ಬಂದಿದೆ. ಒಂದು ಅಂಗಡಿಯವರು 2025ರಲ್ಲಿ ಬಂದ ಐಪ್ಯಾಡ್ ತೋರಿಸುತ್ತಿದ್ದಾರೆ, ಇನ್ನೊಂದು ಅಂಗಡಿಯವರು 2021ರ ಮಾದರಿಯನ್ನು ಸೀಲ್ ಒಡೆಯದ ಡಬ್ಬದಲ್ಲಿ ಕಡಿಮೆ ಬೆಲೆಗೆ ಕೊಡುತ್ತೇನೆ ಎನ್ನುತ್ತಿದ್ದಾರೆ. ಯಾವುದು?

ಈ ಲೇಖನ ಅವರಿಗೆ ನಾನು ಕೊಟ್ಟ ಉತ್ತರದ ಉದ್ದನೆಯ ರೂಪ. ಉದಾಹರಣೆಗೆ ಐಪ್ಯಾಡ್ ಹೆಚ್ಚು ಬಳಸಿದ್ದೇನೆ, ಏಕೆಂದರೆ ಪ್ರಶ್ನೆ ಇದ್ದದ್ದು ಅದರದ್ದೇ. ಆಂಡ್ರಾಯ್ಡ್ ಟ್ಯಾಬ್‌ಗೆ ಲೆಕ್ಕ ಎಲ್ಲಿ ಬದಲಾಗುತ್ತದೆ ಎಂಬುದನ್ನೂ ಹೇಳುತ್ತೇನೆ.

ವಯಸ್ಸನ್ನು ಎಲ್ಲಿಂದ ಎಣಿಸಬೇಕು?

ಅಂಗಡಿಯವರು ಹೊಸದು ಎಂದಾಗ ಅದು ಇತ್ತೀಚೆಗೆ ಮಾರುಕಟ್ಟೆಗೆ ಬಂದದ್ದು ಎಂದಷ್ಟೇ ಅರ್ಥ. ಒಳಗಿನ ಚಿಪ್ ಯಾವ ವರ್ಷದ್ದು ಎಂಬುದು ಬೇರೆಯೇ ಪ್ರಶ್ನೆ.

ಐಪ್ಯಾಡ್‌ನ 7ನೇ ತಲೆಮಾರು 2019ರ ಸೆಪ್ಟೆಂಬರ್‌ನಲ್ಲಿ ಬಂತು. ಅದರೊಳಗಿದ್ದದ್ದು ಎ10 ಚಿಪ್, 2016ರ ಐಫೋನ್ 7ರಲ್ಲಿ ಬಂದ ಚಿಪ್. ಅಂದರೆ ಹುಟ್ಟುವಾಗಲೇ ಅದಕ್ಕೆ ಮೂರು ವರ್ಷ ವಯಸ್ಸು. 2025ರ ಸೆಪ್ಟೆಂಬರ್‌ನಲ್ಲಿ ಐಪ್ಯಾಡ್‌ಓಎಸ್ 26 ಬಂದಾಗ ಈ ಮಾದರಿಯನ್ನು ಪಟ್ಟಿಯಿಂದ ಕೈಬಿಡಲಾಯಿತು. ಬಿಡುಗಡೆಯ ದಿನ ಕೊಂಡವರಿಗೆ ಆರು ವರ್ಷ ಸಿಕ್ಕಿತು. 2020ರಲ್ಲಿ 8ನೇ ತಲೆಮಾರು ಬರುವ ಹೊತ್ತಿಗೆ ಕ್ಲಿಯರೆನ್ಸ್ ಸೇಲ್‌ನಲ್ಲಿ ಕೊಂಡವರಿಗೆ ಐದೇ. ಒಂದೇ ವಸ್ತು, ಕೊಂಡ ದಿನ ಮಾತ್ರ ಬೇರೆ. ಆದರೆ ಗಡಿಯಾರ ಎಲ್ಲರಿಗೂ ಒಂದೇ. ಅದು ನೀವು ಕೊಂಡ ದಿನದಿಂದ ಓಡುವುದಿಲ್ಲ.

ಇಲ್ಲೊಂದು ಸ್ವಾರಸ್ಯವಿದೆ. 2018ರ 6ನೇ ತಲೆಮಾರಿನಲ್ಲೂ ಇದ್ದದ್ದು ಅದೇ ಎ10 ಚಿಪ್. ಆದರೂ ಅದು ಒಂದು ವರ್ಷ ಮೊದಲೇ, ಐಪ್ಯಾಡ್‌ಓಎಸ್ 18ರ ಹೊತ್ತಿಗೆ, ಹೊರಬಿತ್ತು. ಅದರಲ್ಲಿ ರ‍್ಯಾಮ್ 2 ಜಿಬಿ, 7ನೇ ತಲೆಮಾರಿನಲ್ಲಿ 3 ಜಿಬಿ. ಆಪಲ್ ಈ ಸಾದಾ ಐಪ್ಯಾಡ್‌ಗಳ ರ‍್ಯಾಮ್ ಎಷ್ಟೆಂದು ಜಾಹೀರಾತಿನಲ್ಲಿ ಹೇಳುವುದೇ ಇಲ್ಲ. ಆದರೆ ಅಪ್‌ಡೇಟ್ ಎಷ್ಟು ದೂರ ಬರುತ್ತದೆ ಎಂಬ ವಿಷಯದಲ್ಲಿ ಆ 1 ಜಿಬಿಗೂ ಬೆಲೆಯಿದೆ.

ಈಗ ಚಿಕ್ಕಮ್ಮನ ಮುಂದಿದ್ದ ಎರಡನ್ನು ನೋಡಿ. 2021ರ 9ನೇ ತಲೆಮಾರಿನಲ್ಲಿ ಎ13 ಚಿಪ್ ಇದೆ, ಅದು 2019ರದ್ದು. 2025ರ ಮಾರ್ಚ್‌ನಲ್ಲಿ ಬಂದ ಐಪ್ಯಾಡ್‌ನಲ್ಲಿ ಎ16 ಇದೆ, ಅದು 2022ರದ್ದು. ಎರಡೂ ತಮ್ಮ ಕಾಲಕ್ಕೆ ಸ್ವಲ್ಪ ಹಳೆಯ ಚಿಪ್‌ಗಳೇ. ಇವುಗಳ ನಡುವಿನ ನಿಜವಾದ ಅಂತರ ಮೂರು ವರ್ಷ. ರ‍್ಯಾಮ್ ಮಾತ್ರ 3 ಜಿಬಿಯಿಂದ 6 ಜಿಬಿಗೆ, ಅಂದರೆ ದುಪ್ಪಟ್ಟಾಗಿದೆ.

ಹೊಸ ಹೆಸರಿನಲ್ಲಿ ಹಳೆಯ ವಸ್ತು ಬರುವುದಕ್ಕೆ ನಮ್ಮ ದೇಶದ್ದೇ ದೊಡ್ಡ ಉದಾಹರಣೆ ಇದೆ. 2011ರ ಅಕ್ಟೋಬರ್ 5ರಂದು ದೆಹಲಿಯಲ್ಲಿ ಆಕಾಶ್ ಟ್ಯಾಬ್ಲೆಟ್ ಬಿಡುಗಡೆಯಾಯಿತು. ಜಗತ್ತಿನ ಅತಿ ಅಗ್ಗದ ಟ್ಯಾಬ್ಲೆಟ್ ಎಂದು ಪತ್ರಿಕೆಗಳು ಮುಖಪುಟದಲ್ಲಿ ಬರೆದವು. 7 ಇಂಚಿನ ಪರದೆ, 256 ಎಂಬಿ ರ‍್ಯಾಮ್, 366 ಮೆಗಾಹರ್ಟ್ಸ್ ಪ್ರೊಸೆಸರ್, ಆಂಡ್ರಾಯ್ಡ್ 2.2. ಆ ಹೊತ್ತಿಗೆ ಆಂಡ್ರಾಯ್ಡ್ 2.3 ಬಂದು ಹತ್ತು ತಿಂಗಳಾಗಿತ್ತು, ಟ್ಯಾಬ್ಲೆಟ್‌ಗಳಿಗೆಂದೇ ರೂಪಿಸಿದ 3.0 ಕೂಡ ಹೊರಬಂದಿತ್ತು. ಕನ್ನಡದ ಅಕ್ಷರಗಳಿಗೆ ಆಂಡ್ರಾಯ್ಡ್ ತಾನಾಗಿಯೇ ಬೆಂಬಲ ಕೊಟ್ಟದ್ದು 2012ರ 4.1 ಆವೃತ್ತಿಯಿಂದ. ಆ ಕಾಲದ ಅನೇಕ ಫೋನು, ಟ್ಯಾಬ್‌ಗಳಲ್ಲಿ ಕನ್ನಡದ ಜಾಗದಲ್ಲಿ ಖಾಲಿ ಚೌಕಗಳು ಕಾಣುತ್ತಿದ್ದದ್ದು ನೆನಪಿರಬಹುದು. ಅದು ಫೋನ್ ಕೆಟ್ಟದ್ದಲ್ಲ, ಓಎಸ್ ಹಳೆಯದಾದ ಫಲ.

ಇದು ಹಳೆಯ ಕಥೆ ಎನ್ನುವವರು ಸ್ಯಾಮ್‌ಸಂಗ್‌ನ ಟ್ಯಾಬ್ ಎಸ್6 ಲೈಟ್ ನೋಡಬಹುದು. ಅದು 2020ರಲ್ಲಿ ಬಂತು, ಚಿಪ್ ಬದಲಿಸಿಕೊಂಡು 2022ರಲ್ಲಿ ಮತ್ತೆ ಬಂತು, 2024ರಲ್ಲಿ ಇನ್ನೊಮ್ಮೆ ಬಂತು. ಹೆಸರು, ಹೊರಮೈ ಎಲ್ಲಾ ಹೆಚ್ಚುಕಡಿಮೆ ಅದೇ. ಆನ್‌ಲೈನ್‌ನಲ್ಲಿ ಹುಡುಕಿದರೆ ಮೂರೂ ಒಂದೇ ರೀತಿ ಕಾಣುತ್ತವೆ. ಇಂಥ ಕಡೆ ಹೆಸರಿನ ಜತೆಗಿರುವ ಮಾದರಿ ಸಂಖ್ಯೆಯನ್ನು ನೋಡದೆ ಹಣ ಕೊಡಬೇಡಿ.

ಬೇಕಂತಲೇ ನಿಧಾನ ಮಾಡುತ್ತಾರೆಯೇ?

ಈ ಫಾರ್ವರ್ಡ್‌ನ ಬೇರಿನಲ್ಲಿ ಒಂದು ನಿಜವಾದ ಘಟನೆಯಿದೆ, ಅದಕ್ಕೇ ಅದು ಸಾಯುವುದಿಲ್ಲ. ಬ್ಯಾಟರಿ ಹಳೆಯದಾದ ಕೆಲವು ಐಫೋನ್‌ಗಳ ವೇಗವನ್ನು ಸಾಫ್ಟ್‌ವೇರ್ ಮೂಲಕ ತಗ್ಗಿಸುತ್ತಿದ್ದೇವೆ ಎಂದು 2017ರ ಡಿಸೆಂಬರ್‌ನಲ್ಲಿ ಆಪಲ್ ಒಪ್ಪಿಕೊಂಡಿತು. ಕಂಪನಿ ಕೊಟ್ಟ ಕಾರಣ ಇದು: ಹಳೆಯ ಬ್ಯಾಟರಿಯ ಒಳಗಿನ ರೋಧ ಹೆಚ್ಚಾಗಿರುತ್ತದೆ. ಪ್ರೊಸೆಸರ್ ಒಮ್ಮೆಲೇ ಹೆಚ್ಚು ವಿದ್ಯುತ್ ಕೇಳಿದಾಗ ಬ್ಯಾಟರಿಯ ವೋಲ್ಟೇಜ್ ಕುಸಿದು ಫೋನ್ ಫಟ್ಟನೆ ಆಫ್ ಆಗುತ್ತದೆ. ಅದನ್ನು ತಪ್ಪಿಸಲು ವೇಗ ತಗ್ಗಿಸಿದೆವು. ಕಾರಣದಲ್ಲಿ ವಿಜ್ಞಾನವಿತ್ತು. ತಪ್ಪಾದದ್ದು ಗ್ರಾಹಕರಿಗೆ ಹೇಳದೆ ಮಾಡಿದ್ದು. ಬ್ಯಾಟರಿ ಬದಲಿಸಿದರೆ ಸರಿಹೋಗುತ್ತದೆ ಎಂದು ಗೊತ್ತಿಲ್ಲದೆ ಎಷ್ಟೋ ಜನ ಫೋನನ್ನೇ ಬದಲಿಸಿರಬಹುದು. ಫ್ರಾನ್ಸ್‌ನ ಗ್ರಾಹಕ ರಕ್ಷಣಾ ಸಂಸ್ಥೆ 2020ರ ಫೆಬ್ರವರಿಯಲ್ಲಿ 2.5 ಕೋಟಿ ಯೂರೋ ದಂಡ ಹಾಕಿದ್ದು ಈ ಮಾಹಿತಿ ಮುಚ್ಚಿಟ್ಟದ್ದಕ್ಕೆ. ಅದಕ್ಕೂ ಮೊದಲು, 2018ರಲ್ಲಿ, ಇಟಲಿಯ ಸ್ಪರ್ಧಾ ಪ್ರಾಧಿಕಾರ ಆಪಲ್‌ಗೆ 1 ಕೋಟಿ, ಸ್ಯಾಮ್‌ಸಂಗ್‌ಗೆ 50 ಲಕ್ಷ ಯೂರೋ ದಂಡ ವಿಧಿಸಿತ್ತು. ಸ್ಯಾಮ್‌ಸಂಗ್‌ನ ಪ್ರಕರಣ ಗ್ಯಾಲಕ್ಸಿ ನೋಟ್ 4ಕ್ಕೆ ಅದು ತಾಳಲಾರದ ಅಪ್‌ಡೇಟ್ ಕೊಟ್ಟದ್ದರ ಬಗ್ಗೆ.

ಆದ್ದರಿಂದ ಕಂಪನಿಗಳು ಸಾಧುಗಳು ಎಂದು ನಾನು ಹೇಳುವುದಿಲ್ಲ. ಆದರೆ ಮೇಲಿನ ಪ್ರಕರಣಗಳು ಫೋನ್‌ಗಳದ್ದು. ಮೂಲ ಬ್ಯಾಟರಿಯಲ್ಲಿ, ಅಪ್‌ಡೇಟ್‌ನಲ್ಲಿ. ಹೊಸ ಮಾದರಿ ಬಂದ ದಿನವೇ ಹಳೆಯ ಟ್ಯಾಬ್‌ಗೆ ಬ್ರೇಕ್ ಹಾಕುವ ಗುಪ್ತ ಗುಂಡಿ ಇದೆ ಎಂಬುದಕ್ಕೆ ಇವು ಸಾಕ್ಷಿಯಲ್ಲ. ಹಳೆಯ ಟ್ಯಾಬ್ ನಿಧಾನವಾಗುವುದಕ್ಕೆ ಸಾಮಾನ್ಯ ಕಾರಣ ಇನ್ನೂ ಸಪ್ಪೆಯಾದದ್ದು: ಆಪ್‌ಗಳು ವರ್ಷ ವರ್ಷ ದಪ್ಪವಾಗುತ್ತವೆ, ಸ್ಟೋರೇಜ್ ತುಂಬಿಹೋಗಿರುತ್ತದೆ, ರ‍್ಯಾಮ್ ಮಾತ್ರ ಇದ್ದಷ್ಟೇ ಇರುತ್ತದೆ.

ವಾಟ್ಸಾಪ್ ಆರು ತಿಂಗಳಲ್ಲಿ ನಿಲ್ಲುತ್ತದೆ ಎಂಬ ಭಾಗವಂತೂ ಸುಳ್ಳು. ವಾಟ್ಸಾಪ್ ಹಳೆಯ ಓಎಸ್‌ಗಳನ್ನು ಕೈಬಿಡುತ್ತದೆ, ನಿಜ. 2023ರ ಅಕ್ಟೋಬರ್‌ನಿಂದ ಅದಕ್ಕೆ ಕನಿಷ್ಠ ಆಂಡ್ರಾಯ್ಡ್ 5.0 ಬೇಕಾಯಿತು, 2025ರಿಂದ ಐಫೋನ್‌ಗಳಲ್ಲಿ ಕನಿಷ್ಠ ಐಓಎಸ್ 15.1. ಆಂಡ್ರಾಯ್ಡ್ 5.0 ಬಂದದ್ದು 2014ರಲ್ಲಿ! ಅಂದರೆ ಕೈಬಿಟ್ಟದ್ದು ಒಂಬತ್ತು ವರ್ಷಕ್ಕಿಂತ ಹಳೆಯ ಓಎಸ್‌ಗಳನ್ನು. (ಐಪ್ಯಾಡ್‌ಗೆಂದೇ ವಾಟ್ಸಾಪ್ ಆಪ್ ಬಂದದ್ದು 2025ರ ಮೇನಲ್ಲಿ, ಮೊದಲ ಐಪ್ಯಾಡ್ ಬಂದು ಹದಿನೈದು ವರ್ಷದ ಮೇಲೆ. ನಿಲ್ಲುವುದಿರಲಿ, ಶುರುವಾದದ್ದೇ ಈಗ.)

ಓಎಸ್ ಅಪ್‌ಡೇಟ್ ನಿಂತ ದಿನ ಟ್ಯಾಬ್ ಸಾಯುವುದಿಲ್ಲ. ಮೊದಲು ಹೊಸ ಸೌಲಭ್ಯಗಳು ನಿಲ್ಲುತ್ತವೆ. ಆಮೇಲೆ ಭದ್ರತಾ ತೇಪೆಗಳು ವಿರಳವಾಗುತ್ತವೆ. ಅದರಾಚೆ ಒಂದೊಂದೇ ಆಪ್ ಕೈಕೊಡುತ್ತದೆ. ಪಾಠದ ವಿಡಿಯೋ, ಪಿಡಿಎಫ್‌ಗೆ ಇದು ದೊಡ್ಡ ತೊಂದರೆಯಲ್ಲ. ಆದರೆ ಭದ್ರತಾ ಅಪ್‌ಡೇಟ್ ನಿಂತ ಟ್ಯಾಬ್‌ನಲ್ಲಿ ಬ್ಯಾಂಕ್ ಆಪ್, ಯುಪಿಐ ಇಟ್ಟುಕೊಳ್ಳುವುದು ಬೇಡ. ಮಗುವಿನ ಕೈಯಲ್ಲಿರುವ, ಸಿಕ್ಕ ಸಿಕ್ಕ ಲಿಂಕ್ ಒತ್ತುವ ಟ್ಯಾಬ್ ಆದರೆ ಬೇಡವೇ ಬೇಡ.

ಎಂಟು ಪ್ಲಸ್ ಎಂಟು ಹದಿನಾರಲ್ಲ

ಅಂಗಡಿಯ ಬೋರ್ಡಿನಲ್ಲಿ ಇತ್ತೀಚೆಗೆ 8+8=16 ಜಿಬಿ ರ‍್ಯಾಮ್ ಎಂದು ಬರೆಯುವುದು ಫ್ಯಾಷನ್ ಆಗಿದೆ. ಆ ಎರಡನೆಯ 8 ರ‍್ಯಾಮ್ ಅಲ್ಲ. ಸ್ಟೋರೇಜ್‌ನ ಒಂದು ಭಾಗವನ್ನು ರ‍್ಯಾಮ್‌ನಂತೆ ಬಳಸುವ ವ್ಯವಸ್ಥೆ ಅದು. ಅಡುಗೆಮನೆ ಕಟ್ಟೆ ಚಿಕ್ಕದಾಯಿತೆಂದು ಅರ್ಧ ಪಾತ್ರೆಗಳನ್ನು ಅಟ್ಟದ ಮೇಲಿಟ್ಟು, ಬೇಕಾದಾಗಲೆಲ್ಲ ಏಣಿ ಹಾಕಿ ಇಳಿಸಿದ ಹಾಗೆ. ಜಾಗ ಹೆಚ್ಚಿತು, ಕೆಲಸ ಬೇಗ ಆಗಲಿಲ್ಲ. ರ‍್ಯಾಮ್‌ಗಿಂತ ಫ್ಲ್ಯಾಶ್ ಸ್ಟೋರೇಜ್ ಬಹಳ ನಿಧಾನ. ಅಲ್ಲದೆ ಅದಕ್ಕೆ ಬರೆಯುವ, ಅಳಿಸುವ ಆವರ್ತಗಳ ಮಿತಿಯೂ ಇದೆ.

ಅಗ್ಗದ ಆಂಡ್ರಾಯ್ಡ್ ಟ್ಯಾಬ್‌ಗಳಲ್ಲಿ ನೋಡಲೇಬೇಕಾದ ಇನ್ನೊಂದು ಸಾಲು ಸ್ಟೋರೇಜ್‌ನ ಬಗೆ. ಇಎಂಎಂಸಿ ಎಂದಿದ್ದರೆ ಹಳೆಯ, ನಿಧಾನದ ಬಗೆ. ಯುಎಫ್‌ಎಸ್ ಎಂದಿದ್ದರೆ ವೇಗದ್ದು. ಬಾಕ್ಸ್ ಮೇಲೆ ಇದನ್ನು ಬರೆಯದೆ ಬಿಟ್ಟಿದ್ದರೆ ಸಾಮಾನ್ಯವಾಗಿ ಇಎಂಎಂಸಿ ಎಂದುಕೊಳ್ಳುವುದು ನನ್ನ ಅಭ್ಯಾಸ. ಇಎಂಎಂಸಿ ಇರುವ ಹೊಸ ಅಗ್ಗದ ಟ್ಯಾಬ್‌ಗಿಂತ ಯುಎಫ್‌ಎಸ್ ಇರುವ, ಎರಡು ವರ್ಷ ಹಿಂದಿನ ಮೇಲ್ದರ್ಜೆಯ ಟ್ಯಾಬ್ ಆಪ್ ತೆರೆಯುವುದರಲ್ಲಿ ಚುರುಕಾಗಿರುತ್ತದೆ.

ಹಿಂದಿನ ವರ್ಷದ ಮೇಲ್ದರ್ಜೆಯೋ, ಈ ವರ್ಷದ ಕೆಳದರ್ಜೆಯೋ ಎಂಬ ಈ ಪ್ರಶ್ನೆಯೇ ನಿಜವಾಗಿ ಹೆಚ್ಚು ಉಪಯೋಗದ್ದು. 2025ರ ಸಾದಾ ಐಪ್ಯಾಡ್‌ನಲ್ಲಿ ಆಪಲ್‌ನ ಎಐ ಸೌಲಭ್ಯಗಳು ಓಡುವುದಿಲ್ಲ. ಮೂರು ವರ್ಷ ಮೊದಲು, 2022ರ ಮಾರ್ಚ್‌ನಲ್ಲಿ, ಎಂ1 ಚಿಪ್‌ನೊಂದಿಗೆ ಬಂದ ಐಪ್ಯಾಡ್ ಏರ್‌ನಲ್ಲಿ ಓಡುತ್ತವೆ, ಏಕೆಂದರೆ ಅದರಲ್ಲಿ 8 ಜಿಬಿ ರ‍್ಯಾಮ್ ಇದೆ. ಪರದೆಯೂ ಅದರದ್ದೇ ಉತ್ತಮ. ಗಾಜಿಗೂ ಚಿತ್ರಕ್ಕೂ ನಡುವೆ ಸಂದಿಯಿಲ್ಲದಂತೆ ಅಂಟಿಸಿದ್ದಾರೆ, ಪೆನ್ಸಿಲ್‌ನಿಂದ ಬರೆಯುವವರಿಗೆ ಈ ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ. ಇಂಥ ಹಳೆಯದು ಒಳ್ಳೆಯ ಬೆಲೆಗೆ, ಬಿಲ್ ಸಮೇತ ಸಿಕ್ಕರೆ ನಾನಂತೂ ಹೊಸ ಸಾದಾ ಮಾದರಿಯನ್ನು ಬದಿಗಿಟ್ಟು ಅದನ್ನು ನೋಡುತ್ತೇನೆ.

ಸ್ಟೋರೇಜ್‌ನ ಗಾತ್ರಕ್ಕೆ ಬಂದರೆ, 9ನೇ ತಲೆಮಾರಿನ ಆರಂಭಿಕ ಮಾದರಿ 64 ಜಿಬಿ, 2025ರದ್ದು 128 ಜಿಬಿ. ಐಪ್ಯಾಡ್‌ನಲ್ಲಿ ಮೆಮರಿ ಕಾರ್ಡ್ ಹಾಕಲು ಜಾಗವಿಲ್ಲ. ಪಿಯುಸಿ ಮಕ್ಕಳ ಪಾಠದ ಆಪ್‌ಗಳು ವಿಡಿಯೋಗಳನ್ನು ಡೌನ್‌ಲೋಡ್ ಮಾಡಿಟ್ಟುಕೊಳ್ಳಲು ಬಿಡುತ್ತವೆ. ನೆಟ್‌ವರ್ಕ್ ಕೈಕೊಡುವ ಊರುಗಳಲ್ಲಿ ಅದೇ ಗತಿ ಕೂಡ. ಒಂದು ಗಂಟೆಯ ಪಾಠ ಸ್ಪಷ್ಟತೆಗೆ ತಕ್ಕಂತೆ ಅರ್ಧ ಜಿಬಿಯಿಂದ ಒಂದು ಜಿಬಿ ನುಂಗಬಹುದು. ಓಎಸ್, ಆಪ್‌ಗಳು ತಮ್ಮ ಪಾಲು ತಿಂದ ಮೇಲೆ 64ರಲ್ಲಿ ಉಳಿಯುವುದು ಹೆಚ್ಚೇನಲ್ಲ. ಚಿಕ್ಕಮ್ಮನ ವಿಷಯದಲ್ಲಿ ತಕ್ಕಡಿಯನ್ನು ಹೆಚ್ಚು ವಾಲಿಸಿದ್ದು ಚಿಪ್‌ಗಿಂತ ಈ ಅಂಶ.

ಸೀಲ್ ಒಡೆಯದ ಡಬ್ಬದಲ್ಲೂ ಬ್ಯಾಟರಿಗೆ ವಯಸ್ಸಾಗುತ್ತದೆ

ಬಳಸದೇ ಇದ್ದರೆ ಬ್ಯಾಟರಿ ಹೊಸದಾಗಿಯೇ ಇರುತ್ತದೆ ಎಂಬ ನಂಬಿಕೆ ಬಹಳ ಜನರಲ್ಲಿದೆ. ಲಿಥಿಯಂ ಅಯಾನ್ ಬ್ಯಾಟರಿ ಎರಡು ದಾರಿಯಲ್ಲಿ ಸವೆಯುತ್ತದೆ. ಒಂದು, ಚಾರ್ಜ್ ಮಾಡಿ ಖಾಲಿ ಮಾಡುವುದರಿಂದ. ಇನ್ನೊಂದು, ಸುಮ್ಮನೆ ಕಾಲ ಕಳೆಯುವುದರಿಂದ. ಒಳಗಿನ ದ್ರಾವಣಕ್ಕೂ ಎಲೆಕ್ಟ್ರೋಡ್‌ಗೂ ನಡುವೆ ನಿಧಾನದ ರಾಸಾಯನಿಕ ಕ್ರಿಯೆ ನಡೆಯುತ್ತಲೇ ಇರುತ್ತದೆ, ಓಡಾಡಬೇಕಾದ ಲಿಥಿಯಂನ ಸ್ವಲ್ಪ ಭಾಗ ಅಲ್ಲೇ ಸಿಕ್ಕಿಬೀಳುತ್ತದೆ. ಬಿಸಿ ಹೆಚ್ಚಾದಷ್ಟೂ ಈ ಕ್ರಿಯೆ ಚುರುಕು. ಪೂರ್ತಿ ಚಾರ್ಜ್‌ನಲ್ಲಿ ಇಟ್ಟರೂ ಹಾಗೆಯೇ. ಪೂರ್ತಿ ಖಾಲಿಯಾಗಿ ತಿಂಗಳುಗಟ್ಟಲೆ ಬಿದ್ದಿದ್ದರೆ ಬೇರೆ ರೀತಿಯ ಹಾನಿ, ಕೆಲವೊಮ್ಮೆ ಮತ್ತೆ ಚಾರ್ಜೇ ಆಗುವುದಿಲ್ಲ. ಬಹಳ ದಿನ ಎತ್ತಿಡುವುದಾದರೆ ಸುಮಾರು ಅರ್ಧ ಚಾರ್ಜ್‌ನಲ್ಲಿಡಿ, ಆರು ತಿಂಗಳಿಗೊಮ್ಮೆ ಮತ್ತೆ ಅರ್ಧಕ್ಕೆ ಏರಿಸಿ ಎಂದು ಆಪಲ್ ಹೇಳುವುದು ಇದಕ್ಕೇ. ಅಂಗಡಿಯ ಗೋದಾಮಿನಲ್ಲಿ ಇದನ್ನು ಯಾರು ಮಾಡುತ್ತಾರೆ?

ನಮ್ಮ ಹವೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಐಪ್ಯಾಡ್ ಬಳಸಲು ಆಪಲ್ ಹೇಳುವ ಉಷ್ಣಾಂಶ 0ಯಿಂದ 35 ಡಿಗ್ರಿ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ನೆರಳಿನಲ್ಲೇ 40 ದಾಟುತ್ತದೆ. ತಗಡಿನ ಮಾಡಿನ ಗೋದಾಮಿನಲ್ಲಿ ಎರಡು ಬೇಸಿಗೆ ಕಂಡ ಡಬ್ಬಕ್ಕೂ, ಮಡಿಕೇರಿಯ ಅಂಗಡಿಯ ಕಪಾಟಿನಲ್ಲಿದ್ದ ಡಬ್ಬಕ್ಕೂ ಸೀಲ್ ಒಂದೇ ಥರ ಕಾಣುತ್ತದೆ.

ಇದಕ್ಕೆ ಸುಲಭದ ಪರೀಕ್ಷೆ ಇದೆ. ಭಾರತದಲ್ಲಿ ಮಾರುವ ಡಬ್ಬದ ಮೇಲೆ ತಯಾರಾದ ತಿಂಗಳು, ವರ್ಷ ಮುದ್ರಿಸಿರಬೇಕೆಂದು ಕಾನೂನು ಮಾಪನದ ನಿಯಮಗಳು ಹೇಳುತ್ತವೆ. ಎಂಆರ್‌ಪಿ ಇರುವ ಬಿಳಿ ಚೀಟಿಯಲ್ಲೇ ಅದು ಇರುತ್ತದೆ. ನಾವು ಬಿಸ್ಕತ್ತಿನ ಪೊಟ್ಟಣದಲ್ಲಿ ನೋಡುತ್ತೇವೆ, ಮೂವತ್ತು ಸಾವಿರದ ವಸ್ತುವಿನಲ್ಲಿ ನೋಡುವುದಿಲ್ಲ. ಎರಡು ವರ್ಷಕ್ಕಿಂತ ಹಳೆಯ ತಿಂಗಳು ಕಂಡರೆ ಬೆಲೆ ಇಳಿಸಲು ಅದು ನ್ಯಾಯವಾದ ಕಾರಣ. ಐಪ್ಯಾಡ್ ಆದರೆ ಡಬ್ಬದ ಮೇಲಿನ ಸೀರಿಯಲ್ ನಂಬರನ್ನು ಆಪಲ್‌ನ ವಾರಂಟಿ ಪುಟದಲ್ಲಿ ಹಾಕಿ ನೋಡಿ. ನಿಜವಾಗಿ ಹೊಸದಾದರೆ ಅದು ಇನ್ನೂ ಶುರುವಾಗಿರಬಾರದು.

ಸವೆತದ ಅಳತೆಗೆ: 1000 ಪೂರ್ಣ ಚಾರ್ಜ್‌ಗಳ ನಂತರವೂ 80 ಶೇಕಡಾ ಸಾಮರ್ಥ್ಯ ಉಳಿಯುವಂತೆ ಐಪ್ಯಾಡ್ ಬ್ಯಾಟರಿಯನ್ನು ರೂಪಿಸಿದ್ದೇವೆ ಎಂಬುದು ಆಪಲ್‌ನ ಮಾತು. 2025ರ ಜೂನ್ 20ರಿಂದ ಐರೋಪ್ಯ ಒಕ್ಕೂಟದಲ್ಲಿ ಫೋನ್, ಟ್ಯಾಬ್ಲೆಟ್‌ಗಳಿಗೆ 800 ಚಾರ್ಜ್‌ಗೆ 80 ಶೇಕಡಾ ಎಂಬುದು ಕಾನೂನೇ ಆಗಿದೆ. ಅದೇ ಕಾನೂನು ಮಾರಾಟ ನಿಂತ ಮೇಲೂ ಕನಿಷ್ಠ ಐದು ವರ್ಷ ಓಎಸ್ ಅಪ್‌ಡೇಟ್ ಕೊಡಬೇಕು ಎನ್ನುತ್ತದೆ. ಅದು ಅಲ್ಲಿಯ ಗ್ರಾಹಕರಿಗೆ. ಆದರೆ ಒಂದೇ ಮಾದರಿಯನ್ನು ಎಲ್ಲ ಕಡೆ ಮಾರುವ ಕಂಪನಿಗಳಿಂದ ನಮಗೂ ಅದರ ಲಾಭ ಸ್ವಲ್ಪ ಹರಿದು ಬರಬಹುದು ಎಂಬ ಆಸೆ ನನ್ನದು.

ಗೆರೆ ಎಳೆದ ಬೆಲೆ

ಸಂವಹನ ಓದಿದವಳಾಗಿ ನನಗೆ ಅತಿ ಕುತೂಹಲದ ಭಾಗ ಇದು. ಆನ್‌ಲೈನ್ ಅಂಗಡಿಯಲ್ಲಿ ದೊಡ್ಡ ಸಂಖ್ಯೆಯೊಂದರ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಚಿಕ್ಕ ಸಂಖ್ಯೆ ಬರೆದಿರುತ್ತಾರೆ. ನಾವು ಆ ಚಿಕ್ಕ ಸಂಖ್ಯೆಯನ್ನು ಗೆರೆ ಎಳೆದದ್ದರ ಜತೆ ಹೋಲಿಸುತ್ತೇವೆ, ಹೊಸ ಮಾದರಿಯ ಬೆಲೆಯ ಜತೆ ಅಲ್ಲ. ಮೊದಲು ಕಂಡ ಸಂಖ್ಯೆ ನಮ್ಮ ಅಂದಾಜನ್ನು ಲಂಗರಿನಂತೆ ಹಿಡಿದಿಡುತ್ತದೆ ಎಂಬುದನ್ನು ಮನೋವಿಜ್ಞಾನಿಗಳಾದ ಟ್ವರ್ಸ್ಕಿ ಮತ್ತು ಕಾನಮನ್ 1974ರಲ್ಲೇ ತೋರಿಸಿದ್ದರು.

ಐಪ್ಯಾಡ್‌ನ 10ನೇ ತಲೆಮಾರು 2022ರ ಅಕ್ಟೋಬರ್‌ನಲ್ಲಿ ಭಾರತಕ್ಕೆ ಬಂದಾಗ ಆರಂಭಿಕ ಬೆಲೆ 44,900 ರೂಪಾಯಿ, 64 ಜಿಬಿಗೆ. 2025ರಲ್ಲಿ ಅದರ ಮುಂದಿನದು 128 ಜಿಬಿಯೊಂದಿಗೆ ಬಂದದ್ದು 34,900ಕ್ಕೆ. ಹೊಸದೇ ಅಗ್ಗ! ಹಳೆಯ ಸ್ಟಾಕ್ ಇಟ್ಟುಕೊಂಡವರು 44,900ಕ್ಕೆ ಗೆರೆ ಎಳೆದು 33,000 ಎಂದು ಬರೆದರೆ ನಮಗೆ ಹನ್ನೆರಡು ಸಾವಿರ ಉಳಿದಂತೆ ಅನಿಸುತ್ತದೆ. ನಿಜವಾಗಿ ಉಳಿದದ್ದು 1,900 ರೂಪಾಯಿ, ಕಳೆದದ್ದು ಅರ್ಧ ಸ್ಟೋರೇಜ್. ಗೆರೆ ಎಳೆದ ಸಂಖ್ಯೆಯನ್ನು ಹೆಬ್ಬೆರಳಿನಿಂದ ಮುಚ್ಚಿಕೊಂಡು ನೋಡಿ. ತಮಾಷೆಗೆ ಹೇಳುತ್ತಿಲ್ಲ, ನಾನು ಹಾಗೇ ಮಾಡುತ್ತೇನೆ.

ನಾನು ಚಿಕ್ಕಮ್ಮನಿಗೆ ಹಾಕಿಕೊಟ್ಟ ಲೆಕ್ಕ ಹೀಗಿತ್ತು. ಹೊಸದಕ್ಕೆ ಇನ್ನು ಆರು ವರ್ಷದ ಅಪ್‌ಡೇಟ್, 9ನೇ ತಲೆಮಾರಿಗೆ ಇನ್ನು ಮೂರು ಎಂದುಕೊಳ್ಳೋಣ. ಇದು ಹಿಂದಿನ ಮಾದರಿಗಳ ನಡೆ ನೋಡಿ ಹಾಕಿದ ಅಂದಾಜು, ಆಪಲ್ ಕೊಟ್ಟ ಮಾತಲ್ಲ. 34,900ನ್ನು ಆರರಿಂದ ಭಾಗಿಸಿದರೆ ವರ್ಷಕ್ಕೆ ಸುಮಾರು 5,800. ಅದೇ ದರದಲ್ಲಿ ಮೂರು ವರ್ಷಕ್ಕೆ ಸುಮಾರು 17,500. ಹಳೆಯದು ಇದಕ್ಕಿಂತ ಕಡಿಮೆಗೆ ಸಿಕ್ಕರೆ ಲಾಭ, ಹೆಚ್ಚಾದರೆ ಹೊಸದೇ ಅಗ್ಗ. ಅಂಗಡಿಯವರು ಹೇಳುತ್ತಿದ್ದದ್ದು 22,500.

ಈ ಲೆಕ್ಕ ಎಲ್ಲರಿಗೂ ಹೊಂದುವುದಿಲ್ಲ. ಟ್ಯಾಬ್ ಬೇಕಿರುವುದು ಪಿಯುಸಿಯ ಎರಡು ವರ್ಷಕ್ಕೆ ಮಾತ್ರ, ಆಮೇಲೆ ಲ್ಯಾಪ್‌ಟಾಪ್ ಕೊಡಿಸುತ್ತೇವೆ ಎನ್ನುವ ಮನೆಗೆ ಆರು ವರ್ಷದ ಮಾತೇ ಅನವಶ್ಯಕ. ಅವರಿಗೆ 22,500ರದ್ದು ವರ್ಷಕ್ಕೆ 11,250, ಹೊಸದು 17,450. ಹಳೆಯದೇ ಸರಿ. ಆದರೆ ಚಿಕ್ಕಮ್ಮನಿಗೆ ಆರನೇ ಕ್ಲಾಸಿನ ಮಗನೂ ಇದ್ದಾನೆ. ಅಕ್ಕನ ಸೈಕಲ್ಲು, ಅಕ್ಕನ ಸ್ಟಡಿ ಟೇಬಲ್ಲು ಎಲ್ಲ ಅವನಿಗೇ ಬಂದಿರುವಾಗ ಟ್ಯಾಬ್ ಬಾರದೇ ಇರುತ್ತದೆಯೇ? ಆ ಮನೆಗೆ ಆರು ವರ್ಷದ ಲೆಕ್ಕವೇ ಸರಿ.

ಜತೆಗೆ ಬರುವ ಖರ್ಚನ್ನೂ ಕೂಡಿಸಿ. 9ನೇ ತಲೆಮಾರಿನದು ಲೈಟ್ನಿಂಗ್ ಕೇಬಲ್, 10.2 ಇಂಚಿನ ಕವರ್. ಮುಂದೊಮ್ಮೆ ಟ್ಯಾಬ್ ಬದಲಿಸಿದರೆ ಇವೆರಡೂ ಮೂಲೆಗೆ. 10ನೇ ತಲೆಮಾರಿನಿಂದ ಯುಎಸ್‌ಬಿ-ಸಿ, ಮನೆಯ ಆಂಡ್ರಾಯ್ಡ್ ಫೋನಿನ ಕೇಬಲ್ಲೇ ಸಾಕು. ಹಳೆಯದರ ಪರವಾಗಿ ಒಂದು ಮಾತು: ಅದರಲ್ಲಿ ಇಯರ್‌ಫೋನ್ ಚುಚ್ಚುವ ದುಂಡನೆಯ ರಂಧ್ರ ಇದೆ, ಹೊಸದರಲ್ಲಿಲ್ಲ.

ಆಂಡ್ರಾಯ್ಡ್ ಆದರೆ

ಇಲ್ಲಿ ಕಂಪನಿಯಿಂದ ಕಂಪನಿಗೆ, ಮಾದರಿಯಿಂದ ಮಾದರಿಗೆ ಕಥೆ ಬೇರೆ. 2024ರ ಕೊನೆಗೆ ಬಂದ ಸ್ಯಾಮ್‌ಸಂಗ್ ಟ್ಯಾಬ್ ಎಸ್10 ಸಾಲಿಗೆ ಏಳು ವರ್ಷದ ಅಪ್‌ಡೇಟ್ ಭರವಸೆ ಇದೆ. ಹತ್ತು ಸಾವಿರದೊಳಗಿನ ಎಷ್ಟೋ ಟ್ಯಾಬ್‌ಗಳಿಗೆ ಅಪ್‌ಡೇಟ್ ಬಗ್ಗೆ ಯಾವ ಮಾತೂ ಇರುವುದಿಲ್ಲ. ಕೊಂಡ ದಿನದ ಓಎಸ್ಸೇ ಕೊನೆಯ ಓಎಸ್. ಆದ್ದರಿಂದ ಕಂಪನಿಯ ಪುಟದಲ್ಲಿ ಭದ್ರತಾ ಅಪ್‌ಡೇಟ್ ಎಲ್ಲಿಯವರೆಗೆ ಎಂದು ಹುಡುಕಿ. ಎರಡು ನಿಮಿಷದಲ್ಲಿ ಸಿಗದಿದ್ದರೆ ಅದೇ ಉತ್ತರ.

ಸಿನಿಮಾ ನೋಡುವವರು ವೈಡ್‌ವೈನ್ ಎಂಬ ಹೆಸರನ್ನೂ ನೆನಪಿಡಿ. ನೆಟ್‌ಫ್ಲಿಕ್ಸ್‌ನಂಥ ಆಪ್‌ಗಳ ಕಳ್ಳಪ್ರತಿ ತಡೆಯುವ ಬೀಗ ಅದು. ಅದರಲ್ಲಿ ಎಲ್1 ದರ್ಜೆ ಇದ್ದರೆ ಮಾತ್ರ ಎಚ್‌ಡಿ ಚಿತ್ರ ಬರುತ್ತದೆ. ಎಲ್3 ಇದ್ದರೆ ಪರದೆ ಎಷ್ಟೇ ಒಳ್ಳೆಯದಿದ್ದರೂ ಚಿತ್ರ ಮಸುಕು. ಅಪರಿಚಿತ ಹೆಸರಿನ ಹೊಸ ಟ್ಯಾಬ್‌ಗಳಲ್ಲಿ ಎಷ್ಟೋ ಕಡೆ ಇರುವುದು ಎಲ್3.

ಮನೆಯಲ್ಲೇ ಒಂದು ಹಳೆಯ ಟ್ಯಾಬ್ ಬಿದ್ದಿದೆಯೇ ಎಂದೂ ನೋಡಿ. 2021ರಲ್ಲಿ, ಕೋವಿಡ್ ಕಾಲದಲ್ಲಿ, ರಾಜ್ಯ ಸರ್ಕಾರ ಸರ್ಕಾರಿ ಪದವಿ, ಪಾಲಿಟೆಕ್ನಿಕ್, ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಟ್ಯಾಬ್ಲೆಟ್ ಹಂಚಿತ್ತು. ಅಂಥದ್ದನ್ನು ಒಮ್ಮೆ ಪೂರ್ತಿ ರಿಸೆಟ್ ಮಾಡಿ, ಬೇಡದ ಆಪ್ ತೆಗೆದು, ಓದಲು ಮತ್ತು ವಿಡಿಯೋ ನೋಡಲು ಮಾತ್ರ ಬಳಸಿದರೆ ಕೆಲವರಿಗೆ ಕೊಳ್ಳುವ ಪ್ರಶ್ನೆಯೇ ಏಳದಿರಬಹುದು.

ಸೆಕೆಂಡ್ ಹ್ಯಾಂಡ್: ನಾನು ಕಲಿತದ್ದು

ಎಂಎ ಓದುವಾಗ ಪಿಡಿಎಫ್ ಓದಲೆಂದು ಒಬ್ಬ ಮಾರಾಟಗಾರರಿಂದ ಬಳಸಿದ ಆಂಡ್ರಾಯ್ಡ್ ಟ್ಯಾಬ್ ಕೊಂಡೆ. ಎರಡು ತಿಂಗಳು ಚೆನ್ನಾಗಿತ್ತು. ಒಂದು ದಿನ ನಿಧಾನವಾಯಿತೆಂದು ರಿಸೆಟ್ ಮಾಡಿದೆ. ತೆರೆದರೆ ಯಾವುದೋ ಸಂಸ್ಥೆಯ ಲಾಂಛನ, ಲಾಗಿನ್ ಕೇಳುವ ಪರದೆ. ಶಾಲೆ, ಕೋಚಿಂಗ್, ಕಚೇರಿಗಳು ತಾವು ಹಂಚುವ ಟ್ಯಾಬ್‌ಗಳನ್ನು ದೂರದಿಂದ ನಿಯಂತ್ರಿಸುವ ವ್ಯವಸ್ಥೆ ಹಾಕಿರುತ್ತವೆ. ರಿಸೆಟ್ ಮಾಡಿದರೂ ಅದು ಹೋಗುವುದಿಲ್ಲ. ಮಾರಿದವರು ಫೋನ್ ಎತ್ತಲಿಲ್ಲ. ಬಿಲ್ ಇರಲಿಲ್ಲ, ದೂರು ಕೊಡಲು ಕಾಗದ ಇರಲಿಲ್ಲ. ಆರು ಸಾವಿರ ಹೋಯಿತು. ಆಗ ಅದು ನನ್ನ ಒಂದೂವರೆ ತಿಂಗಳ ಪಿಜಿ ಬಾಡಿಗೆ.

ಹಾಗಾಗಿ ಹಣ ಕೊಡುವ ಮೊದಲು, ಮಾರುವವರ ಕಣ್ಣೆದುರೇ ರಿಸೆಟ್ ಮಾಡಿಸಿ, ನಿಮ್ಮ ಖಾತೆ ಹಾಕಿ ಒಳಗೆ ಹೋಗಿ ನೋಡಿ. ಐಪ್ಯಾಡ್‌ನಲ್ಲಿ ಹಿಂದಿನ ಮಾಲೀಕರ ಆಪಲ್ ಖಾತೆ, ಆಂಡ್ರಾಯ್ಡ್‌ನಲ್ಲಿ ಹಿಂದಿನ ಗೂಗಲ್ ಖಾತೆ ಕೇಳಿದರೆ ಕೈಬಿಡಿ, ಆಮೇಲೆ ತೆಗೆಸಿಕೊಡುತ್ತೇನೆ ಎಂಬ ಮಾತನ್ನು ನಂಬಬೇಡಿ. ಸಿಮ್ ಹಾಕುವ ಟ್ಯಾಬ್ ಆದರೆ ಸೆಟ್ಟಿಂಗ್ಸ್‌ನಲ್ಲಿ ಐಎಂಇಐ ಸಂಖ್ಯೆ ನೋಡಿ, ಕೇಂದ್ರ ಸರ್ಕಾರದ ಸಂಚಾರ್ ಸಾಥಿ ತಾಣದಲ್ಲಿ ಹಾಕಿ ಪರೀಕ್ಷಿಸಿ. ಕಳವಾದ ಬಗ್ಗೆ ದೂರಾಗಿ ಬ್ಲಾಕ್ ಆಗಿದ್ದರೆ ಅಲ್ಲಿ ತಿಳಿಯುತ್ತದೆ. ಬ್ಯಾಟರಿಯ ಸ್ಥಿತಿ ಸೆಟ್ಟಿಂಗ್ಸ್‌ನಲ್ಲೇ ಕಾಣುವುದು 2024ರಿಂದೀಚಿನ ಐಪ್ಯಾಡ್‌ಗಳಲ್ಲಿ ಮಾತ್ರ. 9 ಮತ್ತು 10ನೇ ತಲೆಮಾರಿನಲ್ಲಿ ಕಾಣುವುದಿಲ್ಲ, ಮಾರುವವರು ಹೇಳುವ ಶೇಕಡಾ ಲೆಕ್ಕವನ್ನು ಅಷ್ಟಕ್ಕಷ್ಟೇ ಇಡಿ. ಬಿಲ್ ಮಾತ್ರ ಬಿಡಬೇಡಿ. ಬಿಲ್ ಇದ್ದರೆ ತಕರಾರು ಬಂದಾಗ 1915ಕ್ಕೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ಕರೆ ಮಾಡಬಹುದು.

ಬಿಡಿಭಾಗದ ವಿಷಯಕ್ಕೆ ಒಂದೇ ಮಾತು. ಮಾರಾಟ ನಿಲ್ಲಿಸಿ ಐದು ವರ್ಷ ದಾಟಿದ ಉತ್ಪನ್ನವನ್ನು ಆಪಲ್ ಹಳೆಯ ಪಟ್ಟಿಗೆ ಸೇರಿಸುತ್ತದೆ, ಆಮೇಲೆ ಬಿಡಿಭಾಗ ಸಿಕ್ಕರೆ ಸಿಕ್ಕಿತು. 9ನೇ ತಲೆಮಾರಿನ ಮಾರಾಟ ನಿಂತದ್ದು 2024ರ ಮೇ ತಿಂಗಳಲ್ಲಿ. 2029ರವರೆಗೆ ಪರದೆ, ಬ್ಯಾಟರಿಗೆ ಅಷ್ಟೇನೂ ಚಿಂತೆಯಿಲ್ಲ.

ಚಿಕ್ಕಮ್ಮ ಶನಿವಾರ ಎರಡನೇ ಅಂಗಡಿಗೇ ಮೊದಲು ಹೋದರು. ಡಬ್ಬ ತಿರುಗಿಸಿ ಚೀಟಿ ಓದಿ ಫೋನ್ ಮಾಡಿದರು, ತಯಾರಾದದ್ದು 2022ರಲ್ಲಿ. 17,500ಕ್ಕೆ ಕೊಡ್ತೀರಾ ಎಂದು ಕೇಳಿದರಂತೆ, ಅಂಗಡಿಯವರು ನಕ್ಕು 21,000ಕ್ಕೆ ಇಳಿದರಂತೆ. ಅಲ್ಲಿಂದ ಎದ್ದು ಬಂದು ಹೊಸದನ್ನು ಕೊಂಡರು, ಪೆನ್ಸಿಲ್ ಇಲ್ಲದೆ, ಬೀದಿಬದಿಯ ನಾನ್ನೂರು ರೂಪಾಯಿಯ ಕವರ್ ಜತೆ. ಸಂಜೆ ಗುಂಪಿನಲ್ಲಿ ಅದರ ಫೋಟೋ ಹಾಕಿದರು. ಅದರ ಕೆಳಗೇ ಚಿಕ್ಕಪ್ಪನದೊಂದು ಫಾರ್ವರ್ಡ್ ಬಿತ್ತು: ಟ್ಯಾಬ್ಲೆಟ್ ಅನ್ನು ರಾತ್ರಿಯಿಡೀ ಚಾರ್ಜ್‌ಗೆ ಹಾಕಿದರೆ ಸಿಡಿಯುತ್ತದಂತೆ. ಅದನ್ನು ಇನ್ನೊಂದು ಲೇಖನದಲ್ಲಿ ನೋಡೋಣ.